ಮನೆ ಮಾರುವ ಮುನ್ನ ಮಕ್ಕಳ ಲೆಕ್ಕವನ್ನೂ ಹಾಕಿ

ಮನೆ ಮಾರಾಟ ಎಂದೊಡನೆ ನಮಗೆ ನೆನಪಾಗುವುದು ದರ, ದಲ್ಲಾಳಿ, ಮುಂಗಡ, ಉತಾರ ಮತ್ತು ಸಬ್ ರಿಜಿಸ್ಟ್ರಾರ್ ಕಚೇರಿ. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳಲ್ಲಿ ಮನೆ ಮಾರುವವರೆಲ್ಲ ಖುಷಿಯಿಂದ ಮಾರುವವರಲ್ಲ. ಅಣ್ಣತಮ್ಮಂದಿರ ಪಾಲು, ತೀರದ ಸಾಲ, ಮಗಳ ಮದುವೆ, ಆಸ್ಪತ್ರೆಯ ಖರ್ಚು, ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಸಿಕ್ಕ ಕೆಲಸ ಹೀಗೆ ಒಂದೊಂದು ಮನೆಗೆ ಒಂದೊಂದು ಕಾರಣ. ಕಾರಣ ಏನೇ ಇರಲಿ, ಕಾಗದ ಪತ್ರಗಳ ಗಡಿಬಿಡಿಯಲ್ಲಿ ಒಂದು ಲೆಕ್ಕ ಮಾತ್ರ ಯಾರ ಚೀಟಿಯಲ್ಲೂ ಇರುವುದಿಲ್ಲ. ಅದು ಮನೆಯ ಚಿಕ್ಕ ಮಕ್ಕಳ ಆರೋಗ್ಯದ ಲೆಕ್ಕ.

ಹೊಸ ಮನೆಗೆ ಬಂದ ಮೊದಲ ಒಂದೆರಡು ತಿಂಗಳಲ್ಲಿ ಮಕ್ಕಳನ್ನು ದವಾಖಾನೆಗೆ ಕರೆತರುವ ತಾಯಂದಿರ ದೂರುಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಭೇದಿ ನಿಲ್ಲುತ್ತಿಲ್ಲ, ರಾತ್ರಿಯಾದರೆ ಕೆಮ್ಮು, ನಿದ್ದೆಯಲ್ಲಿ ಬೆಚ್ಚಿ ಅಳುತ್ತದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದೆ, ನಾಲ್ಕು ದಿನದಿಂದ ಶೌಚವೇ ಆಗಿಲ್ಲ. ಜೊತೆಗೆ ‘ಈ ಮನೆ ನಮಗೆ ಆಗಿಬರಲಿಲ್ಲ ಡಾಕ್ಟರೇ’, ‘ಮಗುವಿಗೆ ನಜರ್ ಆಯಿತು’ ಎನ್ನುವ ಮಾತೂ ಬರುತ್ತದೆ. ಒಂದಿಷ್ಟು ತಾಳ್ಮೆಯಿಂದ ವಿಚಾರಿಸಿದರೆ ಕಾರಣ ಕೈಗೆ ಸಿಗುತ್ತದೆ: ತೊಳೆಯದ ನೀರಿನ ತೊಟ್ಟಿ, ಒದ್ದೆ ಗೋಡೆ, ತಪ್ಪಿಹೋದ ಲಸಿಕೆ, ಹೆದರಿದ ಮನಸ್ಸು. ಇವೆಲ್ಲ ಮೊದಲೇ ತಡೆಯಬಹುದಾದ ಸಂಗತಿಗಳು.

ಯುನಾನಿ ವೈದ್ಯ ಪದ್ಧತಿ ಆರೋಗ್ಯ ಕಾಪಾಡಲು ಆರು ಅನಿವಾರ್ಯ ಅಂಶಗಳನ್ನು ಹೇಳುತ್ತದೆ. ಇವಕ್ಕೆ ‘ಅಸ್ಬಾಬೆ ಸಿತ್ತಾ ಜರೂರಿಯಾ’ ಎಂದು ಹೆಸರು. ಉಸಿರಾಡುವ ಗಾಳಿ, ತಿನ್ನುವ ಕುಡಿಯುವ ವಸ್ತು, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದ್ದು ಉಳಿಯುವುದು ಮತ್ತು ಹೊರಹೋಗಬೇಕಾದ್ದು ಹೋಗುವುದು. ಇವುಗಳಲ್ಲಿ ಒಂದು ಏರುಪೇರಾದರೆ ದೇಹ ಹೇಗೋ ಸಂಭಾಳಿಸಿಕೊಳ್ಳುತ್ತದೆ. ಮನೆ ಬದಲಿಸಿದಾಗ ಆರೂ ಒಂದೇ ದಿನ ಬದಲಾಗುತ್ತವೆ. ದೊಡ್ಡವರಿಗೆ ಅದು ಆಯಾಸವೆನಿಸಿದರೆ ಎರಡು ವರ್ಷದ ಮಗುವಿಗೆ ಅದೇ ಕಾಯಿಲೆಯಾಗುತ್ತದೆ.

ಮೊದಲು ದಿನಾಂಕ

ಕರಾರು ಪತ್ರ ಬರೆಸುವಾಗ ದರಕ್ಕಾಗಿ ಗಂಟೆಗಟ್ಟಲೆ ಚೌಕಾಸಿ ಮಾಡುತ್ತೇವೆ. ಮನೆ ಬಿಟ್ಟುಕೊಡುವ ದಿನಾಂಕವನ್ನು ಮಾತ್ರ ಕೊಳ್ಳುವವರು ಹೇಳಿದಂತೆ ಒಪ್ಪಿಬಿಡುತ್ತೇವೆ. ಮಕ್ಕಳಿರುವ ಮನೆಯಲ್ಲಿ ಈ ದಿನಾಂಕ ದರದಷ್ಟೇ ಮುಖ್ಯ.

ನಮ್ಮ ಕಡೆ ಅನುಕೂಲದ ಕಾಲ ಏಪ್ರಿಲ್ ಮಧ್ಯದಿಂದ ಮೇ ಮಧ್ಯದವರೆಗೆ. ಶಾಲೆಗೆ ರಜೆ ಇರುತ್ತದೆ, ನೆಲ ಒಣಗಿರುತ್ತದೆ. ಸಾಮಾನು ಸಾಗಿಸುವುದನ್ನು ಬೆಳಗಿನ ಹೊತ್ತಿನಲ್ಲೇ ಮುಗಿಸಿ. ನಡುಮಧ್ಯಾಹ್ನದ ಬಿಸಿಲಲ್ಲಿ ಮಗುವನ್ನು ಲಾರಿಯ ಮುಂಭಾಗದಲ್ಲೋ ಮುಚ್ಚಿದ ಕಾರಿನಲ್ಲೋ ಕೂರಿಸಬೇಡಿ. ಜೂನ್ ಬಂದರೆ ಕಥೆಯೇ ಬೇರೆ. ಹಾನಗಲ್ ಅರೆಮಲೆನಾಡು, ಸವಣೂರಿಗಿಂತ ಅಲ್ಲಿ ಮಳೆ ಹೆಚ್ಚು. ಮಳೆ ಹಿಡಿದ ಮೇಲೆ ಸಾಗಿಸಿದ ಹಾಸಿಗೆ, ಕೌದಿಗಳು ಒದ್ದೆಯಾದರೆ ವಾರಗಟ್ಟಲೆ ಒಣಗುವುದಿಲ್ಲ, ಆ ಹಾಸಿಗೆಯಲ್ಲೇ ಮಗು ಮಲಗಬೇಕಾಗುತ್ತದೆ.

ಮನೆಯಲ್ಲಿ ಗರ್ಭಿಣಿ ಇದ್ದರೆ ಆಕೆಯ ತಿಂಗಳ ಲೆಕ್ಕ ನೋಡಿಯೇ ದಿನಾಂಕ ಇಡಿ. ಕೊನೆಯ ಎರಡು ತಿಂಗಳಲ್ಲಿ ಮನೆ ಬದಲಿಸುವುದು ಬೇಡ. ಅನಿವಾರ್ಯವಾದರೆ ಆಕೆ ಭಾರ ಎತ್ತಬಾರದು, ಪೆಟ್ಟಿಗೆ ಕಟ್ಟಲು ನೆಲದ ಮೇಲೆ ತಾಸುಗಟ್ಟಲೆ ಬಗ್ಗಿ ಕೂರಬಾರದು. ಹೊಸ ಊರಿನಲ್ಲಿ ಹೆರಿಗೆಗೆ ಯಾವ ಆಸ್ಪತ್ರೆ, ರಾತ್ರಿ ಹೊತ್ತು ಅಲ್ಲಿಗೆ ಹೋಗುವುದು ಹೇಗೆ ಎಂಬುದನ್ನು ಸಾಮಾನು ಹೇರುವ ಮೊದಲೇ ತಿಳಿದುಕೊಳ್ಳಿ.

ಇನ್ನೊಂದು ಮಾತು. ಮನೆ ಬದಲಿಸುವ ತಿಂಗಳಲ್ಲೇ ಮಗುವಿಗೆ ಹಾಲು ಬಿಡಿಸುವುದು, ಮಗನ ಖತ್ನಾ ಮಾಡಿಸುವುದು, ಬೇರೆ ಕೋಣೆಯಲ್ಲಿ ಮಲಗಿಸಲು ರೂಢಿ ಮಾಡುವುದು ಇವಾವುದೂ ಬೇಡ. ಮಗುವಿಗೆ ಒಂದು ಸಲಕ್ಕೆ ಒಂದು ಬದಲಾವಣೆ ಸಾಕು. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲೇ ಎಲ್ಲಕ್ಕಿಂತ ದೊಡ್ಡ ರಕ್ಷಣೆ. ಹೊಸ ಊರಿನ ನೀರು ಕೂಸಿನ ಬಾಯಿಗೆ ಹೋಗುವುದೇ ಇಲ್ಲವಲ್ಲ!

ಗಾಳಿ ಮತ್ತು ಗೋಡೆ

ಮನೆ ಆರಿಸುವಾಗ ಗಾಳಿಯನ್ನು ಪರೀಕ್ಷಿಸುವ ರೂಢಿ ನಮ್ಮ ಹಕೀಮರಲ್ಲಿ ಬಹಳ ಹಳೆಯದು. ಬಗ್ದಾದಿನಲ್ಲಿ ಆಸ್ಪತ್ರೆಗೆ ಜಾಗ ಹುಡುಕಲು ಅಬೂಬಕ್ರ್ ರಾಝಿಯವರು ಊರಿನ ಬೇರೆಬೇರೆ ಕಡೆ ಮಾಂಸದ ತುಂಡುಗಳನ್ನು ತೂಗುಹಾಕಿಸಿ, ಎಲ್ಲಿ ತಡವಾಗಿ ಕೆಟ್ಟಿತೋ ಆ ಜಾಗವನ್ನು ಆರಿಸಿದರು ಎಂಬ ಪ್ರತೀತಿ ಇದೆ. 980ರಲ್ಲಿ ಜನಿಸಿ 1037ರಲ್ಲಿ ತೀರಿಕೊಂಡ ಇಬ್ನ್ ಸೀನಾ ‘ಅಲ್ ಕಾನೂನ್’ ಗ್ರಂಥದಲ್ಲಿ ವಾಸಸ್ಥಳದ ವಿಷಯವನ್ನೇ ಬಿಡಿಸಿ ಬರೆದಿದ್ದಾರೆ. ಮಣ್ಣು, ತಗ್ಗು ದಿಣ್ಣೆ, ನೀರು, ಗಾಳಿಯ ದಿಕ್ಕು ನೋಡಿ ಮನೆ ಆರಿಸಬೇಕು, ಬಿಸಿಲು ಒಳಗೆ ಬರಬೇಕು ಎನ್ನುವುದು ಅವರ ಸಲಹೆ. ಇಂದಿಗೂ ಅದೇ ಸರಿ.

ಹೊಸ ಮನೆಯನ್ನು ಎರಡು ಸಲ ನೋಡಿ. ಒಮ್ಮೆ ಹಗಲಲ್ಲಿ, ಒಮ್ಮೆ ಮಗ್ರಿಬ್ ನಂತರ. ಹಗಲಲ್ಲಿ ಬಿಸಿಲು, ಗೋಡೆಯ ತೇವ ಕಾಣುತ್ತದೆ. ಸಂಜೆ ಸೊಳ್ಳೆ, ಹೊಗೆ, ಚರಂಡಿ ವಾಸನೆ ಗೊತ್ತಾಗುತ್ತದೆ. ಗೋಡೆಯ ಬುಡದಲ್ಲಿ ಸುಣ್ಣ ಉದುರಿದ್ದರೆ, ಮೂಲೆಯಲ್ಲಿ ಕಪ್ಪು ಬೂಷ್ಟು ಇದ್ದರೆ ಅದು ಉಬ್ಬಸದ ಮಗುವಿಗೆ ಹೊಂದುವ ಮನೆಯಲ್ಲ. ಹೊಸ ಬಣ್ಣದಿಂದ ಬೂಷ್ಟು ಮುಚ್ಚುತ್ತದೆಯೇ ಹೊರತು ಸಾಯುವುದಿಲ್ಲ. ಅಕ್ಕಪಕ್ಕ ಅಕ್ಕಿ ಗಿರಣಿ, ಹತ್ತಿ ಗಿರಣಿ, ಇಟ್ಟಿಗೆ ಭಟ್ಟಿ, ಗೋವಿನಜೋಳ ಒಕ್ಕುವ ಕಣ ಇದೆಯೇ ನೋಡಿ. ಸುಗ್ಗಿಯಲ್ಲಿ ಅದರ ಧೂಳು ನೇರ ಮಗುವಿನ ಎದೆಗೆ ಬರುತ್ತದೆ. ಈಗಷ್ಟೇ ಬಣ್ಣ ಬಳಿದ ಮನೆಯಾದರೆ ಕೆಲವು ದಿನ ಕಿಟಕಿ ಬಾಗಿಲು ತೆರೆದಿಟ್ಟು, ವಾಸನೆ ಹೋದ ಮೇಲೆ ಮಕ್ಕಳನ್ನು ಕರೆತನ್ನಿ.

ವರದಾ ನದಿಯ ಬದಿಯ ಊರುಗಳಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು. 2019ರ ಆಗಸ್ಟ್ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಆ ವರ್ಷ ಹಾವೇರಿ ಜಿಲ್ಲೆಯಲ್ಲಿ ನೆನೆದ ಮಣ್ಣಿನ ಗೋಡೆಯ ಮನೆಗಳು ಬಹಳಷ್ಟು ಬಿದ್ದವು. ಮಾರುವವರು ಹೇಳದಿದ್ದರೂ ಪಕ್ಕದ ಮನೆಯ ಅಜ್ಜಿ ಹೇಳುತ್ತಾರೆ.

ನೀರು ಮತ್ತು ಊಟ

ಊರು ಬದಲಾದರೆ ನೀರು ಬದಲಾಗುತ್ತದೆ, ಕೆಲವು ಸಲ ಒಂದೇ ಊರಿನ ಎರಡು ಓಣಿಗಳಲ್ಲೂ ಬೇರೆಬೇರೆ ಇರುತ್ತದೆ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಾರದ ದಿನ ಯಾವ ನೀರು ಎಂದು ಕೇಳಿ. ಬೋರ್‌ವೆಲ್ ನೀರಾದರೆ ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷಾ ಕಿಟ್ ಇರುತ್ತದೆ, ಜಿಲ್ಲಾ ಕೇಂದ್ರದಲ್ಲಿ ಸರ್ಕಾರಿ ಪ್ರಯೋಗಾಲಯವಿದೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಪ್ರತಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಮಾತ್ರ. ನೈಟ್ರೇಟ್ 45 ಮಿಲಿಗ್ರಾಂ ದಾಟಬಾರದು. ಫ್ಲೋರೈಡ್ ಹೆಚ್ಚಾದರೆ ಎಂಟು ವರ್ಷದೊಳಗಿನ ಮಕ್ಕಳ ಹುಟ್ಟಲಿರುವ ಹಲ್ಲುಗಳ ಮೇಲೆ ಕಲೆ ಮೂಡುತ್ತದೆ, ಮುಂದೆ ಮೂಳೆಗೂ ತೊಂದರೆ. ನೈಟ್ರೇಟ್ ಹೆಚ್ಚಿರುವ ನೀರಿನಲ್ಲಿ ಬಾಟಲಿ ಹಾಲು ಕಲಸಿ ಕೊಟ್ಟರೆ ಎಳೆಗೂಸಿನ ಜೀವಕ್ಕೇ ಅಪಾಯ. ನೆನಪಿಡಿ: ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಆದರೆ ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಪ್ರಮಾಣ ಹೆಚ್ಚೇ ಆಗುತ್ತದೆ.

ಮನೆ ಪ್ರವೇಶಿಸುವ ಮೊದಲು ಮೇಲಿನ ಟ್ಯಾಂಕ್, ಕೆಳಗಿನ ಸಂಪು ಎರಡನ್ನೂ ಪೂರ್ತಿ ಖಾಲಿ ಮಾಡಿಸಿ, ಉಜ್ಜಿ ತೊಳೆಸಿ. ಬಹುದಿನ ಬೀಗ ಹಾಕಿದ್ದ ಮನೆಯ ಟ್ಯಾಂಕಿನಲ್ಲಿ ಏನೇನಿರುತ್ತದೆ ಎಂಬುದನ್ನು ತೊಳೆದವರನ್ನೇ ಕೇಳಬೇಕು. ಮೊದಲ ಒಂದು ತಿಂಗಳು ಮಕ್ಕಳಿಗೆ ಕುದಿಸಿ ಆರಿಸಿ ಸೋಸಿದ ನೀರನ್ನೇ ಕೊಡಿ. ಪ್ರಯಾಣಿಕರು ನೀರನ್ನು ಕುದಿಸಿ, ಬಟ್ಟೆಯಲ್ಲಿ ಸೋಸಿ ಕುಡಿಯಬೇಕೆಂದು ಇಬ್ನ್ ಸೀನಾ ಸಾವಿರ ವರ್ಷದ ಹಿಂದೆಯೇ ಹೇಳಿದ್ದಾರೆ.

ಹುಬ್ಬಳ್ಳಿಗೆ ಹೋಗುವವರಿಗೆ ವಿಶೇಷ ಎಚ್ಚರಿಕೆ. ಅಲ್ಲಿನ ಹಲವು ಬಡಾವಣೆಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ಹಾಗಾಗಿ ಡ್ರಮ್ಮುಗಳಲ್ಲಿ ತುಂಬಿಡುವುದು ರೂಢಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ತಿಳಿನೀರಿನಲ್ಲೇ. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ಡ್ರಮ್ಮಿಗೆ ಬಿಗಿ ಮುಚ್ಚಳ ಇರಲಿ, ವಾರಕ್ಕೊಮ್ಮೆ ಖಾಲಿ ಮಾಡಿ ಒಳಗೋಡೆಯನ್ನು ಉಜ್ಜಿ. ಮೊಟ್ಟೆಗಳು ಗೋಡೆಗೆ ಅಂಟಿ ಒಣಗಿದರೂ ತಿಂಗಳುಗಟ್ಟಲೆ ಜೀವಂತವಿರುತ್ತವೆ. ಬರೀ ನೀರು ಚೆಲ್ಲಿದರೆ ಸಾಲದು.

ಊಟದಲ್ಲೂ ಹದ ಬೇಕು. ಹಾನಗಲ್ ಕಡೆಯ ಅನ್ನಕ್ಕೆ ಒಗ್ಗಿದ ಮಗು ಸವಣೂರಿಗೆ ಬಂದೊಡನೆ ಮೂರು ಹೊತ್ತೂ ಜೋಳದ ರೊಟ್ಟಿ ತಿನ್ನಬೇಕೆಂದಿಲ್ಲ. ಹಳೆಯ ಊಟವನ್ನೇ ಕೆಲವು ವಾರ ಮುಂದುವರಿಸಿ, ಹೊಸದನ್ನು ನಿಧಾನವಾಗಿ ಸೇರಿಸಿ. ಒಲೆ ಹೊಂದುವವರೆಗೆ ಹೋಟೆಲಿನ ಪಾರ್ಸೆಲ್, ಬೇಕರಿ ತಿಂಡಿ ಎಂದು ಶುರುವಾಗಿದ್ದು ತಿಂಗಳಾದರೂ ನಿಲ್ಲುವುದಿಲ್ಲ. ಅದಕ್ಕೇ ಕೊನೆಗೆ ಕಟ್ಟುವ ಮತ್ತು ಮೊದಲು ಬಿಚ್ಚುವ ಪೆಟ್ಟಿಗೆ ಅಡುಗೆಯದ್ದೇ ಇರಲಿ. ಗ್ಯಾಸ್ ಸಂಪರ್ಕ ವರ್ಗಾಯಿಸುವ ಕೆಲಸವನ್ನೂ ಮುಂಚೆಯೇ ಮಾಡಿ.

ಭೇದಿ ಶುರುವಾದರೆ ಒಂದು ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ, ಸಾಮಾನ್ಯವಾಗಿ 1 ಲೀಟರಿಗೆ, ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಜೊತೆಗೆ ವೈದ್ಯರನ್ನು ಕೇಳಿ ಸತುವಿನ ಮಾತ್ರೆಯನ್ನು 14 ದಿನ ಕೊಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ಕಣ್ಣು ಗುಳಿಬಿದ್ದರೆ, ಮೂತ್ರ ಕಡಿಮೆಯಾದರೆ, ಮಗು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ಮನೆಮದ್ದು ಬಿಟ್ಟು ತಕ್ಷಣ ಆಸ್ಪತ್ರೆಗೆ ಹೋಗಿ. ಇದನ್ನು ಯುನಾನಿ ವೈದ್ಯನಾಗಿಯೇ ಹೇಳುತ್ತಿದ್ದೇನೆ.

ಓಡಾಟದ ಅಪಾಯ

ಹಳೆಯ ಮನೆಯ ಮೂಲೆಮೂಲೆ ಮಗುವಿಗೆ ಗೊತ್ತು, ಹೊಸ ಮನೆಯಲ್ಲಿ ಅದು ಕಣ್ಣು ಕಟ್ಟಿದಂತೆ ಓಡಾಡುತ್ತದೆ. ಅರ್ಧ ಕಟ್ಟಿದ ಮನೆಗೆ ‘ಬಾಡಿಗೆ ಉಳಿಯುತ್ತದೆ’ ಎಂದು ಹೋಗುವವರು ಬಹಳ. ಅಂಥಲ್ಲಿ ತೆರೆದ ಸಂಪು, ಕೈಪಿಡಿ ಇಲ್ಲದ ಮೆಟ್ಟಿಲು, ಗೋಡೆ ಕಟ್ಟದ ತಾರಸಿ, ನೇತಾಡುವ ವಿದ್ಯುತ್ ತಂತಿ ಎಲ್ಲವೂ ಇರುತ್ತವೆ. ಒಂದು ಬಕೆಟ್ ನೀರು ಕೂಡ ಅಂಬೆಗಾಲಿಡುವ ಕೂಸಿನ ಪ್ರಾಣ ತೆಗೆಯಬಲ್ಲದು. ಸಂಪಿನ ಮುಚ್ಚಳ, ಬೀಗ, ತಾರಸಿಯ ಬಾಗಿಲು ಈ ಮೂರು ಆಗದ ಹೊರತು ಮಕ್ಕಳೊಂದಿಗೆ ಒಳಗೆ ಹೋಗಬೇಡಿ.

ಸಾಮಾನು ಕಟ್ಟುವಾಗ ಅಟ್ಟದಿಂದ ಇಳಿದು ಬರುವ ಕೀಟನಾಶಕದ ಬಾಟಲಿ, ಬೀಜೋಪಚಾರದ ಪುಡಿ, ಸೀಮೆಎಣ್ಣೆ, ಆಸಿಡ್, ಅಜ್ಜನ ಮಾತ್ರೆಗಳು ಆ ದಿನ ಮಗುವಿನ ಕೈಗೆಟಕುವ ಎತ್ತರದಲ್ಲಿ ಬಿದ್ದಿರುತ್ತವೆ. ಅವನ್ನು ಬೇರೆ ಪೆಟ್ಟಿಗೆಯಲ್ಲಿ ಹಾಕಿ ಬೀಗ ಹಾಕಿ. ಬಹುಕಾಲ ಮುಚ್ಚಿದ್ದ ಮನೆಯಲ್ಲಿ ಚೇಳು, ಹಾವು ಇರಬಹುದು. ಹಗಲಲ್ಲೇ ಗುಡಿಸಿ, ಕಟ್ಟಿಗೆ ರಾಶಿಯನ್ನು ಮನೆಯಿಂದ ದೂರವಿಡಿ. ಕಚ್ಚಿದರೆ ಮಂತ್ರ, ಬೇರು ಎಂದು ಹೊತ್ತು ಕಳೆಯದೆ 108ಕ್ಕೆ ಕರೆ ಮಾಡಿ.

ಮನಸ್ಸು ಮತ್ತು ನಿದ್ದೆ

ಮನೆ ಮಾರುವ ಮಾತುಕತೆಯನ್ನು ನಾವು ಮಕ್ಕಳ ತಲೆಯ ಮೇಲಿಂದ ಆಡುತ್ತೇವೆ. ಸಾಲದವರ ಹೆಸರು, ಅಣ್ಣತಮ್ಮಂದಿರ ಜಗಳ, ತಾಯಿಯ ಕಣ್ಣೀರು ಎಲ್ಲವೂ ಅವರಿಗೆ ಕೇಳಿಸುತ್ತದೆ. ಅರ್ಥವಾಗುವುದು ಒಂದೇ: ಏನೋ ಕೆಟ್ಟದ್ದು ಆಗುತ್ತಿದೆ, ಬಹುಶಃ ನನ್ನಿಂದಲೇ. ಮೂರು ವರ್ಷ ದಾಟಿದ ಮಗುವಿಗೆ ಸರಳವಾಗಿ, ಸುಳ್ಳಿಲ್ಲದೆ ಹೇಳಿ. ‘ನಾವು ಈ ಮನೆ ಬಿಡುತ್ತೇವೆ. ಅಮ್ಮಿ, ಅಬ್ಬಾ, ನಿನ್ನ ಕೌದಿ, ನಿನ್ನ ಆಟಿಕೆ ಎಲ್ಲವೂ ಜೊತೆಗೆ ಬರುತ್ತವೆ’ ಎಂಬಷ್ಟು ಸಾಕು. ಹಳೆಯ ಮನೆಯ ಗೋಡೆ, ಗಿಡ, ಪಕ್ಕದ ಮನೆಯ ಗೆಳೆಯ ಎಲ್ಲರಿಗೂ ವಿದಾಯ ಹೇಳಲು ಬಿಡಿ. ಮಲಗಿದ್ದ ಮಗುವನ್ನು ಎತ್ತಿಕೊಂಡು ಹೋಗಿ ಹೊಸ ಮನೆಯಲ್ಲಿ ಎಚ್ಚರಗೊಳಿಸಬೇಡಿ.

ಮೊದಲ ರಾತ್ರಿ ಹಳೆಯ ಕೌದಿಯನ್ನೇ ಹೊದಿಸಿ, ಒಗೆಯದೆ. ಅದರ ವಾಸನೆಯೇ ಮಗುವಿಗೆ ಮನೆ. ಮಲಗುವ ಹೊತ್ತು, ಹೇಳುವ ಕಥೆ, ಪಕ್ಕದಲ್ಲಿ ಮಲಗುವವರು ಬದಲಾಗದಿರಲಿ. ಹಾಸಿಗೆ ಒದ್ದೆ ಮಾಡಿದರೆ, ತಾಯಿಗೆ ಅಂಟಿಕೊಂಡರೆ, ತೊದಲಿದರೆ ಬೈಯಬೇಡಿ, ನಾಲ್ಕು ಜನರೆದುರು ಹೇಳಿ ನಾಚಿಸಬೇಡಿ. ಹೆಚ್ಚಿನ ಮಕ್ಕಳಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುತ್ತದೆ. ತಿಂಗಳು ಎರಡಾದರೂ ಮಗು ಆಡುತ್ತಿಲ್ಲ, ತಿನ್ನುತ್ತಿಲ್ಲ, ತೂಕ ಇಳಿಯುತ್ತಿದೆ ಎಂದಾದರೆ ವೈದ್ಯರಿಗೆ ತೋರಿಸಿ.

ಶಾಲೆಯ ಮಕ್ಕಳಿಗೆ ಇನ್ನೊಂದು ಭಾರವಿದೆ. ಇಲ್ಲಿ ಉರ್ದು ಶಾಲೆಯಲ್ಲಿ ಓದುತ್ತಿದ್ದವರು ಹೊಸ ಊರಿನಲ್ಲಿ ಕನ್ನಡ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಸೇರಬೇಕಾಗಬಹುದು. ಬೆಳಿಗ್ಗೆ ಶಾಲೆಯ ಹೊತ್ತಿಗೆ ಹೊಟ್ಟೆನೋವು, ಭಾನುವಾರ ನೋವಿಲ್ಲ ಎಂದರೆ ಅದು ಹುಳುವಿನ ಔಷಧದಿಂದ ಹೋಗುವ ನೋವಲ್ಲ. ಶಿಕ್ಷಕರೊಂದಿಗೆ ಮಾತಾಡಿ. ವರ್ಗಾವಣೆ ಪತ್ರ ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಮಗುವನ್ನು ಮನೆಯಲ್ಲಿ ಕೂರಿಸಿಕೊಂಡು ಕಾಯಬೇಡಿ.

ಶೌಚ

ಇದನ್ನು ಯಾರೂ ಕೇಳುವುದಿಲ್ಲ. ಅಂಗಳದಾಚೆಯ ಶೌಚಾಲಯಕ್ಕೆ ಒಗ್ಗಿದ ಮಗು ಕಮೋಡಿಗೆ ಹೆದರುತ್ತದೆ. ಮನೆಯೊಳಗಿನ ಶೌಚಾಲಯಕ್ಕೆ ಒಗ್ಗಿದ್ದು ಕತ್ತಲಲ್ಲಿ ಹೊರಗೆ ಹೋಗಲು ಹೆದರುತ್ತದೆ. ಹೆದರಿದ ಮಗು ತಡೆದುಕೊಳ್ಳುತ್ತದೆ. ಮಲ ಗಟ್ಟಿಯಾಗುತ್ತದೆ, ನೋವಾಗುತ್ತದೆ, ನೋವಿನ ಭಯಕ್ಕೆ ಮತ್ತೆ ತಡೆಯುತ್ತದೆ. ಹೆಣ್ಣುಮಕ್ಕಳಲ್ಲಿ ಮೂತ್ರ ತಡೆದು ಉರಿ, ಜ್ವರ ಬರುತ್ತದೆ. ಮೊದಲ ವಾರ ನೀವೇ ಜೊತೆಗೆ ಹೋಗಿ, ದೀಪ ಹಾಕಿಸಿ. ರಾತ್ರಿ ನೆನೆಸಿದ ಒಣದ್ರಾಕ್ಷಿ, ಅಂಜೂರ, ಸಾಕಷ್ಟು ನೀರು, ಹಣ್ಣು ಕೊಡಿ. ಬೋರ್‌ವೆಲ್ ಮತ್ತು ಶೌಚಗುಂಡಿಯ ನಡುವೆ ಕನಿಷ್ಠ 50 ಅಡಿ ಅಂತರ ಇದೆಯೇ ಎಂದು ಅಳೆದು ನೋಡಿ.

ಕೈಚೀಲದಲ್ಲೇ ಇರಬೇಕಾದ ಕಾಗದಗಳು

ಮನೆಯ ಕಾಗದ ಪತ್ರಗಳನ್ನು ಎದೆಗವಚಿಕೊಂಡು ಒಯ್ಯುವ ನಾವು ಮಗುವಿನ ತಾಯಿ ಕಾರ್ಡನ್ನು ಪಾತ್ರೆಗಳ ಚೀಲದಲ್ಲಿ ತುರುಕುತ್ತೇವೆ. ಅದು ಕಳೆದರೆ ಲಸಿಕೆಯ ಸರಪಣಿ ಮುರಿಯುತ್ತದೆ. 6, 10 ಮತ್ತು 14ನೇ ವಾರದ ಲಸಿಕೆ, 9 ತಿಂಗಳು ತುಂಬಿದಾಗ ದಡಾರ–ರುಬೆಲ್ಲಾ ಲಸಿಕೆ, 16ರಿಂದ 24 ತಿಂಗಳೊಳಗೆ ಅದರ ಎರಡನೇ ಡೋಸ್, 5ರಿಂದ 6 ವರ್ಷದೊಳಗೆ ಡಿಪಿಟಿ ಬೂಸ್ಟರ್. ಮನೆ ಬದಲಿಸುವ ಗದ್ದಲದಲ್ಲಿ ತಪ್ಪುವುದು ಇವೇ. ದಡಾರ ಸಾಮಾನ್ಯ ಕಾಯಿಲೆಯಲ್ಲ. ನ್ಯುಮೋನಿಯಾ, ಕುರುಡುತನ, ಸಾವಿನವರೆಗೂ ಒಯ್ಯಬಲ್ಲದು. ಒಂದು ಡೋಸ್ ತಪ್ಪಿದ್ದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ನಿಂತಲ್ಲಿಂದ ಮುಂದುವರಿಸಬಹುದು. ಕಾರ್ಡಿನ ಎಲ್ಲ ಪುಟಗಳ ಫೋಟೊ ಮೊಬೈಲಿನಲ್ಲಿರಲಿ.

ಹೊರಡುವ ಮೊದಲು ಈಗಿನ ಆಶಾ ಕಾರ್ಯಕರ್ತೆಗೆ ಮತ್ತು ಅಂಗನವಾಡಿಗೆ ತಿಳಿಸಿ. ಮುಟ್ಟಿದ ವಾರದಲ್ಲೇ ಹೊಸ ಊರಿನ ಅಂಗನವಾಡಿಯಲ್ಲಿ ಹೆಸರು ಬರೆಸಿ. ಬಾಡಿಗೆಯವರು, ಹೊಸಬರು ಎಂದು ಸಂಕೋಚ ಬೇಡ. ಮನೆಯ ಹಿರಿಯರ ಸಕ್ಕರೆ, ರಕ್ತದೊತ್ತಡದ ಮಾತ್ರೆ ಒಂದು ತಿಂಗಳಿಗಾಗುವಷ್ಟು ಕೈಯಲ್ಲಿರಲಿ.

ಮನೆ ಮಾರಿ ಹೊಸದು ಸಿಗುವವರೆಗೆ ನೆಂಟರ ಮನೆಯಲ್ಲಿ ಇರಬೇಕಾದರೆ, ಒಂದು ಕೋಣೆಯಲ್ಲಿ ಎಂಟು ಜನ ಮಲಗಿದರೆ ಕಜ್ಜಿ, ಹೇನು, ಕೆಮ್ಮು ಎಲ್ಲರದ್ದೂ ಆಗುತ್ತದೆ. ಕಜ್ಜಿಗೆ ಮನೆಮಂದಿಯೆಲ್ಲ ಒಂದೇ ದಿನ ಔಷಧ ಹಚ್ಚಬೇಕು. ಎರಡು ವಾರ ದಾಟಿದ ಕೆಮ್ಮು ಯಾರಿಗಿದ್ದರೂ ಕಫ ಪರೀಕ್ಷೆ ಮಾಡಿಸಿ. ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಕೊನೆಯದಾಗಿ, ಈ ಎಲ್ಲ ನಿರ್ಧಾರಗಳಲ್ಲಿ ಮನೆಯೊಡತಿಯನ್ನು ಕೂರಿಸಿಕೊಂಡು ಮಾತಾಡಿ. ದರದ ಮಾತು ಗಂಡಸರದ್ದು ಎಂದು ಆಕೆಯನ್ನು ಅಡುಗೆಮನೆಗೆ ಕಳಿಸಿ, ಆಮೇಲೆ ನೀರಿಲ್ಲದ, ಬೆಳಕಿಲ್ಲದ ಮನೆಯಲ್ಲಿ ಮಕ್ಕಳನ್ನು ಸಾಕು ಎನ್ನುವುದು ನ್ಯಾಯವಲ್ಲ. ಮನೆ ಮಾರಿದ ಹಣ ಸಾಲಕ್ಕೆ, ಪಾಲಿಗೆ ಹಂಚುವ ಮೊದಲು ನೀರಿನ ಪರೀಕ್ಷೆ, ಟ್ಯಾಂಕಿನ ಸ್ವಚ್ಛತೆ, ಸೊಳ್ಳೆಪರದೆ, ಸಂಪಿನ ಮುಚ್ಚಳಕ್ಕೆಂದು ಒಂದಿಷ್ಟು ತೆಗೆದಿಡಿ. ಸಾಲಕ್ಕಾಗಿ ಮನೆ ಮಾರಿದವರು ತಲೆ ತಗ್ಗಿಸಬೇಕಿಲ್ಲ. ಹೋದ ಮನೆಯನ್ನು ದುಡಿದು ಮತ್ತೆ ಕಟ್ಟಬಹುದು. ಹಾಗೆ ಕಟ್ಟುವವರೆಗೆ ಮಕ್ಕಳು ಆರೋಗ್ಯವಾಗಿ ಬೆಳೆಯುತ್ತಿರಲಿ. ಅದಕ್ಕೆ ಬೇಕಾದ್ದು ದೊಡ್ಡ ಮನೆಯಲ್ಲ; ಒಣಗಿದ ಗೋಡೆ, ಶುದ್ಧ ನೀರು, ಹೊತ್ತಿಗೆ ನಿದ್ದೆ ಮತ್ತು ಕಳೆಯದೆ ಕಾಪಾಡಿದ ಒಂದು ಲಸಿಕೆ ಕಾರ್ಡು.